ನಾಲ್ಕು ಕನ್ನಡಗಳ ಒಂದು ತರಗತಿ



ಕಳೆದ ಸಂಚಿಕೆಯಲ್ಲಿ ಹೊರನಾಡ ಮನೆಗಳ ಅಡುಗೆಯ ವಿಷಯ ಬರೆದಿದ್ದೆನಷ್ಟೆ. ಅದನ್ನು ಓದಿದ ಕೆಲವರು, “ಒಗ್ಗರಣೆಯ ಮಾತು ಸಾಕು, ನೀವು ಉಪಾಧ್ಯಾಯರಾಗಿದ್ದವರು, ಪರಸ್ಥಳದ ಶಾಲೆಯಲ್ಲಿ ಕಂಡ ಸೋಜಿಗಗಳನ್ನು ಹೇಳಿ” ಎಂದು ಕೇಳಿದ್ದಾರೆ. ಅಮೆರಿಕಕ್ಕೋ ಆಫ್ರಿಕಕ್ಕೋ ಹೋಗಿ ಪಾಠ ಹೇಳಿ ಬಂದವರ ಮುಂದೆ ಹೈದರಾಬಾದಿನ ಮೇಷ್ಟರ ಅನುಭವ ಯಾವ ಲೆಕ್ಕ ಎಂದು ಯಾರಿಗಾದರೂ ಅನ್ನಿಸೀತು. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಕಾಚಿಗುಡ. ಸಮುದ್ರ ದಾಟಲಿಲ್ಲ, ಚಳಿಗೆ ಉಣ್ಣೆಯ ಕೋಟು ಹೊಲಿಸಲಿಲ್ಲ. ಆದರೂ ಸೋಜಿಗಕ್ಕೇನೂ ಕೊರತೆಯಾಗಲಿಲ್ಲ.

ನಿಜ ಹೇಳಬೇಕೆಂದರೆ, ಒಂದು ಕಾಲಕ್ಕೆ ಈ ಊರು ಮೈಸೂರು ಸೀಮೆಯವರಿಗೆ ಅಕ್ಷರಶಃ ಪರರಾಜ್ಯವೇ ಆಗಿತ್ತು. ೧೯೪೮ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ರಾಜಧಾನಿ. ಆ ಕಾಲದಲ್ಲಿ ಇಲ್ಲಿಗೆ ಬಂದ ನಮ್ಮ ಉಪಾಧ್ಯಾಯನಿಗೆ ಮೊದಲು ತಪ್ಪುತ್ತಿದ್ದದ್ದು ದಿನದ ಲೆಕ್ಕ. ಸರ್ಕಾರದ ಕಾಗದಪತ್ರಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ವರ್ಷ. ಇಸವಿಗೂ ಅದಕ್ಕೂ ಸುಮಾರು ೫೯೦ ವರ್ಷಗಳ ಅಂತರ. ವರ್ಷಾರಂಭ ಅಕ್ಟೋಬರಿನಲ್ಲಿ, ತಿಂಗಳುಗಳ ಹೆಸರು ಆಜೂರ್, ದೈ, ಬಹಮನ್ ಎಂದು ಪಾರಸಿಯವು. ಚೈತ್ರ ವೈಶಾಖ ಒಂದು ಕಡೆ, ಜನವರಿ ಫೆಬ್ರವರಿ ಇನ್ನೊಂದು ಕಡೆ, ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯ ಪಂಚಾಂಗ ಮತ್ತೊಂದು ಕಡೆ!

ಎರಡನೆಯದಾಗಿ ತಪ್ಪುತ್ತಿದ್ದದ್ದು ದುಡ್ಡಿನ ಲೆಕ್ಕ. ನಿಜಾಮರ ನಾಣ್ಯಕ್ಕೆ ‘ಹಾಲಿ ಸಿಕ್ಕಾ’ ಎಂದು ಹೆಸರು. ಏಳು ಹಾಲಿ ರೂಪಾಯಿ ಕೊಟ್ಟರೆ ಬ್ರಿಟಿಷ್ ಇಂಡಿಯದ ಆರು ರೂಪಾಯಿ. ಎಪ್ಪತ್ತು ರೂಪಾಯಿ ಸಂಬಳ ಸಿಕ್ಕಿತೆಂದು ಹಿಗ್ಗಿದವನು ಊರಿಗೆ ಹಣ ಕಳಿಸಲು ಹೋದರೆ ಅದು ಅರವತ್ತೇ ಆಗುತ್ತಿತ್ತು. ಮೂರನೆಯದಾಗಿ ವಾರದ ರಜೆ. ಆಗ ಇಲ್ಲಿ ಶುಕ್ರವಾರ ರಜೆ, ಭಾನುವಾರ ಕೆಲಸ. ಶುಕ್ರವಾರವೆಂದರೆ ನಮ್ಮ ಹೆಂಗಸರಿಗೆ ಹೊಸಿಲು ತೊಳೆದು, ತಲೆಗೆ ಎರೆದುಕೊಂಡು, ಲಕ್ಷ್ಮೀಪೂಜೆಯ ಗಡಿಬಿಡಿಯಲ್ಲಿ ಉಸಿರಾಡಲು ಬಿಡುವಿಲ್ಲದ ದಿನ. ಅದೇ ದಿನ ಗಂಡಸು ಮನೆಯಲ್ಲಿ ಕಾಲು ಚಾಚಿ ಕುಳಿತರೆ ಎಷ್ಟು ಮನೆಗಳಲ್ಲಿ ಎಷ್ಟು ಮಾತು ನಡೆದಿರಬೇಕೆಂಬುದನ್ನು ನೀವೇ ಊಹಿಸಬಹುದು.

ಎಲ್ಲಕ್ಕಿಂತ ದೊಡ್ಡದು ಭಾಷೆಯ ಮಾತು. ೧೮೮೦ರ ದಶಕದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂದು ರಾಜ್ಯಭಾಷೆಯಾಯಿತು. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಗಣಿತ, ವಿಜ್ಞಾನ, ಇತಿಹಾಸಗಳನ್ನು ಉರ್ದುವಿನಲ್ಲಿಯೇ ಕಲಿಸುತ್ತಿದ್ದರು. ಇಂಗ್ಲಿಷೇ ಗತಿಯೆಂದು ಎಲ್ಲ ವಿಶ್ವವಿದ್ಯಾನಿಲಯಗಳೂ ಕುಳಿತಿದ್ದ ಆ ಕಾಲದಲ್ಲಿ ದೇಶಭಾಷೆಯೊಂದನ್ನು ಅಷ್ಟು ಎತ್ತರಕ್ಕೆ ಏರಿಸಿದ್ದು ಸಣ್ಣ ಸಾಹಸವಲ್ಲ. ಆದರೆ ಅದೇ ರಾಜ್ಯದಲ್ಲಿದ್ದ ಬೀದರ, ಗುಲ್ಬರ್ಗ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳ ಮಗುವಿಗೆ ಓದು, ಕಚೇರಿ, ಕೋರ್ಟು, ಜಮೀನಿನ ದಾಖಲೆ ಎಲ್ಲವೂ ಮನೆಯದಲ್ಲದ ಭಾಷೆಯಲ್ಲಿ ಎದುರಾಗುತ್ತಿದ್ದವು. ೧೯೫೬ರ ನವೆಂಬರಿನಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಯ ಜನ ಮಾತ್ರ ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬರುವುದನ್ನು ಬಿಡಲಿಲ್ಲ. ಈ ಹಿನ್ನೆಲೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಾನು ಈ ಊರಿಗೆ ಬರುವ ಹೊತ್ತಿಗೆ ಫಸಲಿಯೂ ಇರಲಿಲ್ಲ, ಹಾಲಿ ರೂಪಾಯಿಯೂ ಇರಲಿಲ್ಲ. ರಜೆ ಭಾನುವಾರಕ್ಕೆ ಬಂದು ಎಷ್ಟೋ ಕಾಲವಾಗಿತ್ತು. ಕನ್ನಡ ಮಕ್ಕಳಿಗೆ ಕನ್ನಡ ಕಲಿಸುವುದು ತಾನೆ, ಅದರಲ್ಲಿ ಹೊಸದೇನು ಎಂಬ ನಿಶ್ಚಿಂತೆಯಿಂದ ಬಂದವನಿಗೆ ಮೊದಲನೆಯ ಸೋಜಿಗವನ್ನು ಒದಗಿಸಿದವರು ತೆಲುಗರೂ ಅಲ್ಲ, ಮುಸಲ್ಮಾನರೂ ಅಲ್ಲ, ನಮ್ಮ ಕನ್ನಡದವರೇ.

ಮನೆಲೆಕ್ಕ ಮಾಡಿದ ಪುಸ್ತಕ ಎಲ್ಲಿ ಎಂದು ಕೇಳಿದೆನೆನ್ನಿ. ಮೈಸೂರು ಕಡೆಯ ಬ್ಯಾಂಕು ನೌಕರರ ಮಗಳು, “ಮರ್ತೋಗ್ಬಿಟ್ಟೆ ಸಾರ್” ಎನ್ನುವಳು. ಉಡುಪಿ ಹೋಟೆಲಿನವರ ಮಗ, “ಪುಸ್ತಕ ಉಂಟು ಸಾರ್, ತರಲಿಲ್ಲ” ಎನ್ನುವನು. ಕಲಬುರಗಿಯ ಹುಡುಗ ಎದ್ದು ನಿಂತು, “ಮರ್ತ ಬಂದೀನ್ರೀ” ಎನ್ನುವನು. ಇನ್ನು ಹೈದರಾಬಾದಿನಲ್ಲಿಯೇ ಹುಟ್ಟಿ ಬೆಳೆದವರದು ನಾಲ್ಕನೆಯ ಕನ್ನಡ: “ಪುಸ್ತಕ ಪರ್ಸೋಂನೇ ಕಳೆದುಹೋಯ್ತು ಸಾರ್!” ಈ ‘ಪರ್ಸೋಂ’ ಎಂಬ ಮಾತಿಗೆ ನಿಘಂಟಿನಲ್ಲಿ ಮೊನ್ನೆ ಎಂದು ಅರ್ಥ. ಹೈದರಾಬಾದಿನವರ ಬಾಯಲ್ಲಿ ಅದು ಮೊನ್ನೆಯೂ ಆಗಬಹುದು, ಹೋದ ತಿಂಗಳೂ ಆಗಬಹುದು, ಹೋದ ವರ್ಷವೂ ಆಗಬಹುದು. ಇದೆಂಥ ಅರಾಜಕತೆ ಎಂದು ನಗಬೇಕೆನ್ನುವಷ್ಟರಲ್ಲಿ ನಮ್ಮ ‘ಮೊನ್ನೆ ಮೊನ್ನೆ ಮದುವೆಯಾಯಿತು’ ಎಂಬ ಮಾತು ನೆನಪಾಯಿತು. ಆ ಮೊನ್ನೆಗೆ ಹುಟ್ಟಿದ ಕೂಸು ಅಷ್ಟರಲ್ಲಿ ಶಾಲೆಗೆ ಬಂದಿರುತ್ತದೆ!

ತಾಯಿಯನ್ನು ಕರೆಯುವುದರಲ್ಲಿಯೂ ಹಾಗೆಯೇ. ಒಂದೇ ಬೆಂಚಿನಲ್ಲಿ ಕುಳಿತ ಮಕ್ಕಳಲ್ಲಿ ಒಬ್ಬನಿಗೆ ಅಮ್ಮ, ಒಬ್ಬನಿಗೆ ಅವ್ವ, ಕಾಸರಗೋಡು ಕಡೆಯ ಹವ್ಯಕರ ಹುಡುಗಿಗೆ ಅಬ್ಬೆ. ಪಕ್ಕದ ಮನೆಯ ತೆಲುಗು ಗೆಳೆಯನಿಗೋ, ಎಷ್ಟೋ ಊರುಗಳಲ್ಲಿ, ಅವ್ವ ಎಂದರೆ ಅಜ್ಜಿ. ಕಲಬುರಗಿಯ ಹುಡುಗ “ನಮ್ಮವ್ವ ಕೆಲಸಕ್ಕ ಹೋಗ್ಯಾಳ್ರೀ” ಎಂದರೆ ಆ ಗೆಳೆಯ, “ಪಾಪ, ಈ ವಯಸ್ಸಿನಲ್ಲೂ ದುಡಿಯುತ್ತಾಳೆಯೆ?” ಎಂದು ಮರುಗುವನು.

ತೆಲುಗಿನ ಸಂಗಡ ನಮ್ಮ ಮಕ್ಕಳಿಗೆ ಆಗುವ ಗೊಂದಲ ಒಂದು ಪ್ರತ್ಯೇಕ ಅಧ್ಯಾಯ. ಎರಡರ ಲಿಪಿಯೂ ಒಂದೇ ತಾಯಿಯ ಮಕ್ಕಳು. ಎಷ್ಟೋ ಅಕ್ಷರಗಳಲ್ಲಿ ತಲೆಕಟ್ಟಿನ ತಿರುವಷ್ಟೇ ವ್ಯತ್ಯಾಸ. ಮಾತುಗಳೂ ಒಂದೇ, ಅರ್ಥ ಮಾತ್ರ ಬೇರೆ. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ, ನಮಗೆ ಅವಸರವೆಂದರೆ ಆತುರ. ‘ಉತ್ತರಂ’ ಎಂದರೆ ಅವರಿಗೆ ಅಂಚೆಯಲ್ಲಿ ಬರುವ ಕಾಗದ, ನಮಗೆ ಪ್ರಶ್ನೆಗೆ ಕೊಡುವ ಜವಾಬು. ಹಾಗಾದರೆ ಪ್ರಶ್ನೆಗೆ ಕೊಡುವ ಜವಾಬಿಗೆ ಅವರು ಏನನ್ನುತ್ತಾರೆ? ‘ಸಮಾಧಾನಂ!’ ಗಣಿತದಲ್ಲಿ ಸೊನ್ನೆ ಬಂದ ನಮ್ಮ ಹುಡುಗನೊಬ್ಬ, “ಸಾರ್, ಎಲ್ಲ ಪ್ರಶ್ನೆಗೂ ಸಮಾಧಾನ ಬರೆದಿದ್ದೆ” ಎಂದಾಗ, ಸಮಾಧಾನ ಬೇಕಾಗಿರುವುದು ಅವನಿಗೋ ನನಗೋ ತಿಳಿಯದಾಯಿತು. ಎಲ್ಲಕ್ಕೂ ಮಿಗಿಲಾದದ್ದು ಶಾಲೆಗೆ ತೆಲುಗಿನಲ್ಲಿರುವ ಹೆಸರು: ‘ಬಡಿ’. ಊರಿನಿಂದ ಹೊಸದಾಗಿ ಬಂದ ಕನ್ನಡದ ಮಗುವಿಗೆ ಪಕ್ಕದ ಮನೆಯಾಕೆ ‘ಬಡಿಕಿ ಪದ’ ಎಂದು ಪ್ರೀತಿಯಿಂದ ಹೇಳಿದರೆ ಮಗು ಹೆದರಿ ಅಳುವುದರಲ್ಲಿ ಆಶ್ಚರ್ಯವಿಲ್ಲ. ಬಡಿ ಎಂದರೆ ಹೊಡೆ ಎಂದು, ಬಡಿಗೆ ಎಂದರೆ ದೊಣ್ಣೆ ಎಂದು ಅದಕ್ಕೆ ಚೆನ್ನಾಗಿ ಗೊತ್ತು. ನಮ್ಮ ಹಿಂದಿನ ಶಾಲೆಗಳನ್ನು ನೋಡಿದವರು ತೆಲುಗಿನ ಮಾತೇ ನಿಜಕ್ಕೆ ಹತ್ತಿರವೆಂದಾರು!

ಹೀಗೆ ದೂರ ಕಂಡದ್ದು ಇನ್ನೊಂದು ದಿನ ಇದ್ದಕ್ಕಿದ್ದಂತೆ ಹತ್ತಿರವಾಗುತ್ತದೆ. ಮೇಲಿನ ತರಗತಿಯಲ್ಲಿ ಹಳಗನ್ನಡ ಹೇಳುತ್ತಿದ್ದಾಗ ಪಾಲ್, ಪುಲಿ, ಪಂದಿ ಎಂಬ ಮಾತುಗಳು ಬಂದವು. ಊರಿನ ಶಾಲೆಗಳಲ್ಲಾದರೆ ಇವು ಹಾಲು, ಹುಲಿ, ಹಂದಿ ಎಂದು ಬಾಯಿಪಾಠ ಮಾಡಿಸಬೇಕು. ಇಲ್ಲಿ ಇಡೀ ತರಗತಿ ಹೇಳಿಕೊಡುವ ಮೊದಲೇ ಅರ್ಥ ಹೇಳಿತು. ಬೀದಿಯಲ್ಲಿ ಆಡುವ ತೆಲುಗು ಗೆಳೆಯರ ಪಾಲು, ಪುಲಿ, ಪಂದಿಗಳು ಅವರಿಗೆ ದಿನವೂ ಕಿವಿಗೆ ಬೀಳುವ ಮಾತು. ನಾವು ಸಾವಿರ ವರ್ಷದ ಹಾದಿಯಲ್ಲಿ ಪಕಾರವನ್ನು ಹಕಾರ ಮಾಡಿಕೊಂಡೆವು; ನೆರೆಯವರು ಹಾಗೆಯೇ ಇಟ್ಟುಕೊಂಡರು. ಪಂಪ ಮಹಾಕವಿ ಆಶ್ರಯ ಪಡೆದದ್ದು ವೇಮುಲವಾಡದ ಅರಿಕೇಸರಿಯಲ್ಲಿ. ಆ ವೇಮುಲವಾಡ ಇಂದಿನ ತೆಲಂಗಾಣದಲ್ಲಿಯೇ ಇದೆ. ಪಂಪನ ತಮ್ಮ ಜಿನವಲ್ಲಭ ಕರೀಂನಗರದ ಸೀಮೆಯ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟ ಎಂಬ ಗುಡ್ಡದ ಬಂಡೆಯ ಮೇಲೆ ೧೦ನೆಯ ಶತಮಾನದಲ್ಲಿ ಒಂದು ಶಾಸನ ಕೆತ್ತಿಸಿದ. ಅದು ಸಂಸ್ಕೃತ, ಕನ್ನಡ, ತೆಲುಗು ಈ ಮೂರರಲ್ಲಿಯೂ ಇದೆ. ಒಂದೇ ಬಂಡೆಯ ಮೇಲೆ ಮೂರು ಭಾಷೆಗಳಿಗೆ ಜಾಗ ಸಾಲದೆ ಹೋಗಲಿಲ್ಲ.

ಹಬ್ಬಗಳಲ್ಲಿಯೂ ಇದನ್ನೇ ಕಂಡೆ. ಯುಗಾದಿಗೆ ನಮ್ಮದು ಬೇವು ಬೆಲ್ಲ. ಅವರದು ಹುಣಸೆ, ಮಾವು, ಉಪ್ಪು, ಕಾರಗಳನ್ನೂ ಸೇರಿಸಿದ ಷಡ್ರಸದ ಪಚ್ಚಡಿ. ವಿಜಯದಶಮಿಯ ದಿನ ನಮ್ಮ ಬಡಗಣ ಸೀಮೆಯವರು ಬನ್ನಿ ಎಲೆಯನ್ನು ಬಂಗಾರವೆಂದು ಹಂಚಿದರೆ, ಇಲ್ಲಿಯವರು ಅದೇ ಗಿಡವನ್ನು ಜಮ್ಮಿ ಎಂದು ಕರೆದು ಅದೇ ಎಲೆಯನ್ನು ಬಂಗಾರವೆಂದೇ ಹಂಚುತ್ತಾರೆ. ಅಂದು ‘ಪಾಲಪಿಟ್ಟ’ ಎಂಬ ಹಕ್ಕಿಯನ್ನು ಕಂಡರೆ ಶುಭವೆಂದು ಮಕ್ಕಳು ಬಯಲಿಗೆ ಓಡುವುದನ್ನು ನೋಡಿ, ಅದು ಯಾವ ಹಕ್ಕಿಯಪ್ಪಾ ಎಂದು ವಿಚಾರಿಸಿದರೆ, ನಮ್ಮ ನೀಲಕಂಠ! ಕರ್ನಾಟಕದ ರಾಜ್ಯಪಕ್ಷಿಯೂ ಅದೇ, ತೆಲಂಗಾಣದ ರಾಜ್ಯಪಕ್ಷಿಯೂ ಅದೇ. ಹಕ್ಕಿಗೆ ಗಡಿಯ ಕಲ್ಲು ಕಾಣುವುದಿಲ್ಲ.

ಇಷ್ಟೆಲ್ಲ ಸೋಜಿಗಗಳನ್ನು ನಗುನಗುತ್ತ ಹೇಳಬಹುದು. ನಗಲಾಗದ ಒಂದು ಸಂಗತಿಯೂ ಇದೆ. ಅದನ್ನು ಹೇಳುವುದಕ್ಕಾಗಿಯೇ ಇಷ್ಟು ಪೀಠಿಕೆ.

ಒಂದು ವರ್ಷ ಐದನೆಯ ತರಗತಿಗೆ ಕೊಪ್ಪಳದ ಕಡೆಯ ಹುಡುಗನೊಬ್ಬ ಬಂದು ಸೇರಿದ. ತಂದೆ ಗೌಂಡಿ. ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟು ಹೆಂಡತಿ ಮಕ್ಕಳೊಡನೆ ಇಲ್ಲಿಗೆ ಬಂದು, ಕಟ್ಟುತ್ತಿರುವ ಮನೆಗಳ ಪಕ್ಕದಲ್ಲಿಯೇ ಗುಡಿಸಲು ಹಾಕಿಕೊಂಡಿದ್ದ. ಹುಡುಗ ಚುರುಕು, ಕೇಳಿದ್ದಕ್ಕೆಲ್ಲ ಎದ್ದು ನಿಂತು ಉತ್ತರ ಹೇಳುವನು. ಮೊದಲನೆಯ ವಾರ ನಾನು, “ನಿಮ್ಮ ತಂದೆ ಬರಲಿಲ್ಲವೇನಪ್ಪ?” ಎಂದು ಕೇಳಿದೆ. “ಇಲ್ರೀ, ನಮ್ಮಪ್ಪ ಅವ್ವನ್ನ ಕರ್ಕೊಂಡು ದವಾಖಾನಿಗೆ ಹೋಗ್ಯಾನ್ರೀ, ಜಲ್ದಿ ಬರ್ತಾನ್ರೀ” ಎಂದ. ತರಗತಿ ಗೊಳ್ಳೆಂದು ನಕ್ಕಿತು. ತಂದೆಗೆ ‘ಹೋಗ್ಯಾನ’, ಮೇಷ್ಟರಿಗೆ ಮಾತುಮಾತಿಗೆ ‘ರೀ’, ಆಸ್ಪತ್ರೆಗೆ ದವಾಖಾನಿ. ನಕ್ಕವರಲ್ಲಿ ತೆಲುಗು ಮಕ್ಕಳಿರಲಿಲ್ಲ; ಅದು ಕನ್ನಡದ ತರಗತಿ. ನಗು ಅಲ್ಲಿಗೇ ನಿಲ್ಲಲೂ ಇಲ್ಲ. ಆಟದ ಬಯಲಿನಲ್ಲಿ ಅವನನ್ನು ಕಂಡರೆ ‘ಏನ್ರೀ, ದವಾಖಾನಿರೀ’ ಎಂದು ಅಣಕಿಸುವುದು ಅವರಿಗೊಂದು ಆಟವಾಯಿತು.

ಎರಡು ವಾರದಲ್ಲಿ ಆ ಹುಡುಗ ಕನ್ನಡದಲ್ಲಿ ಮಾತಾಡುವುದನ್ನೇ ನಿಲ್ಲಿಸಿದ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಬೀದಿಯಲ್ಲಿ ಕಲಿತ ಅರೆಬರೆ ಹಿಂದಿಯಲ್ಲಿ, ‘ಜೀ ಸರ್’, ‘ನಹೀ ಸರ್’ ಎಂದಷ್ಟೇ ಹೇಳಿ ಕುಳಿತುಬಿಡುವನು. ಹೊರನಾಡಿನಲ್ಲಿ ಕನ್ನಡವನ್ನು ಉಳಿಸಬೇಕೆಂದು ನಾವು ಸಭೆ ಕರೆಯುತ್ತೇವೆ. ತೆಲುಗು ನುಂಗಿತು, ಉರ್ದು ನುಂಗಿತು, ಇಂಗ್ಲಿಷು ನುಂಗಿತು ಎಂದು ಭಾಷಣ ಮಾಡುತ್ತೇವೆ. ಈ ಹುಡುಗನ ಬಾಯಿಂದ ಕನ್ನಡವನ್ನು ಕಿತ್ತುಕೊಂಡದ್ದು ಇವು ಯಾವುವೂ ಅಲ್ಲ. ಅದನ್ನು ಕಿತ್ತುಕೊಂಡದ್ದು ಇನ್ನೊಂದು ಕನ್ನಡ.

ಅದೇ ಸಮಯಕ್ಕೆ ಪೋಷಕರೊಬ್ಬರಿಂದ ನನಗೊಂದು ಪತ್ರ ಬಂತು. ಬರೆದವರು ಸಜ್ಜನರು, ಕನ್ನಡದ ಮೇಲೆ ನಿಜವಾದ ಅಭಿಮಾನವಿದ್ದವರು. ಒಕ್ಕಣೆ ಸುಮಾರಾಗಿ ಹೀಗಿತ್ತು: “ನಮಗೆ ಬಹಳ ಬೇಜಾರಾಗಿದೆ. ಮನೆಯಲ್ಲಿ ಹೇಳಿಕೊಡಲು ಪುರುಸೊತ್ತಿಲ್ಲದೆ ತಮ್ಮನ್ನು ನಂಬಿದ್ದೇವೆ. ಮಗನು ಹೊಸ ಹುಡುಗನ ಪಕ್ಕದಲ್ಲಿ ಕುಳಿತು ಜಲ್ದಿ, ದವಾಖಾನಿ ಎಂದು ಉರ್ದು ಬೆರೆತ ಮಾತು ಕಲಿಯುತ್ತಿದ್ದಾನೆ. ಪರೀಕ್ಷೆಯ ತಯಾರಿಯೂ ಬಾಕಿ ಇದೆ. ಇಬ್ಬರನ್ನೂ ಬೇರೆ ಕೂರಿಸಿ, ಶುದ್ಧ ಕನ್ನಡವನ್ನೇ ಆಡುವಂತೆ ಜರೂರಾಗಿ ತಾಕೀತು ಮಾಡಬೇಕು.”

ಪತ್ರವನ್ನು ಎರಡು ಸಲ ಓದಿದೆ. ಬೇಜಾರು, ಪುರುಸೊತ್ತು, ತಯಾರಿ, ಬಾಕಿ, ಜರೂರು, ತಾಕೀತು. ಅವರು ಸ್ವಂತ ಬರೆದ ಐದು ವಾಕ್ಯಗಳಲ್ಲಿ ಆರು ಮಾತು ಅರಬಿ ಪಾರಸಿಯವು! ಶುದ್ಧ ಕನ್ನಡ ಬೇಕೆಂದು ಕೇಳುವುದಕ್ಕೂ ಅವರಿಗೆ ಅವುಗಳ ಸಹಾಯ ಬೇಕಾಯಿತು. ಇದು ಅವರ ದೋಷವಲ್ಲ. ನಮ್ಮೆಲ್ಲರ ಮನೆಯ ಕನ್ನಡವೂ ಹೀಗೆಯೇ. ಮೈಸೂರಿನ ಯಾವ ಶಾಲೆಗೆ ಬೇಕಾದರೂ ಹೋಗಿ. ಬೆಳಿಗ್ಗೆ ತೆಗೆದುಕೊಳ್ಳುವುದು ಹಾಜರಿ, ಬಾರದವನು ಗೈರುಹಾಜರಿ, ಹಬ್ಬಕ್ಕೆ ಕೊಡುವುದು ರಜೆ, ಹಲಗೆಯ ಮೂಲೆಯಲ್ಲಿ ಬರೆಯುವುದು ತಾರೀಖು, ಮೇಷ್ಟರು ಕೂರುವುದು ಕುರ್ಚಿ, ಬರೆಯುವುದು ಶಾಯಿಯಿಂದ ಕಾಗದದ ಮೇಲೆ, ಇನ್‌ಸ್ಪೆಕ್ಟರು ಬಂದು ಬರೆದುಹೋಗುವುದು ಷರಾ, ಗಂಟೆ ಬಾರಿಸುವವನು ಜವಾನ. ಇವನ್ನೆಲ್ಲ ಪಾರಸಿಯವರಿಗೂ ಅರಬ್ಬರಿಗೂ ಹಿಂದಕ್ಕೆ ಕೊಟ್ಟುಬಿಟ್ಟರೆ ಕನ್ನಡ ಶಾಲೆಯ ಬಾಗಿಲನ್ನು ಒಂದು ದಿನವೂ ತೆರೆಯಲಾಗದು. ಬಂದು ನೂರಾರು ವರ್ಷವಾದದ್ದರಿಂದ ಅವು ನಮ್ಮವಾಗಿವೆ. ಕೊಪ್ಪಳದವರ ಬಾಯಿಗೆ ಇನ್ನೊಂದು ಹಿಡಿ ಹೆಚ್ಚು ಬಂದಿವೆ. ಏಕೆ ಬಂದವೆಂಬುದನ್ನು ಮೇಲೆಯೇ ಹೇಳಿದ್ದೇನೆ. ಅಲ್ಲಿಯ ಎರಡು ಮೂರು ತಲೆಮಾರಿನವರು ಹೊಲದ ಪಹಣಿಯನ್ನೂ ಕೋರ್ಟಿನ ಸಮನ್ಸನ್ನೂ ಉರ್ದುವಿನಲ್ಲಿ ಓದಿಸಿಕೊಂಡವರು. ಕೊಪ್ಪಳವೇ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿತ್ತು. ಊರಿನಿಂದ ನೆಂಟರು ಬಂದರೆ ನಾವು ತಪ್ಪದೆ ಕರೆದೊಯ್ದು ಗಡಿಯಾರದ ಬೊಂಬೆ ತೋರಿಸುತ್ತೇವಲ್ಲ, ಅದೇ ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಮನೆತನ.

ಇನ್ನೂ ಒಂದು ಮಾತಿದೆ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ ‘ಕವಿರಾಜಮಾರ್ಗ’. ೯ನೆಯ ಶತಮಾನದ್ದು, ರಾಷ್ಟ್ರಕೂಟರ ನೃಪತುಂಗನ ಆಸ್ಥಾನದ್ದು. ಆ ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕಾಚಿಗುಡದ ನಮ್ಮ ಕನ್ನಡ ಶಾಲೆಗೆ ಹಿರಿಯರು ಅವನ ಹೆಸರನ್ನೇ ಇಟ್ಟಿದ್ದಾರೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿದ ಪುಸ್ತಕ ಅದು ಎಂದು ನಾವು ಪ್ರತಿ ರಾಜ್ಯೋತ್ಸವದಲ್ಲೂ ಎದೆಯುಬ್ಬಿಸಿ ಹೇಳುತ್ತೇವೆ. ಅದೇ ಪುಸ್ತಕ ಇನ್ನೂ ಎರಡು ಮಾತು ಹೇಳಿದೆ; ಅವನ್ನು ಭಾಷಣಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ಒಂದು, ದೇಸಿ ಬೇರೆ ಬೇರೆಯಾಗಿರುವುದರಿಂದ ‘ಕನ್ನಡಗಳ’ ದೋಷ ಇಷ್ಟೇ ಎಂದು ಎಣಿಸಲು ಹೊರಟರೆ ವಾಸುಕಿಗೂ ಬೇಸರವಾದೀತು ಎಂಬುದು. ಕನ್ನಡಗಳು! ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಬಹುವಚನ. ಎರಡನೆಯದು, ಕನ್ನಡದ ತಿರುಳಿರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನಲ್ಲಿ ಎಂಬುದು. ಕಿಸುವೊಳಲೆಂದರೆ ಪಟ್ಟದಕಲ್ಲು, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ, ಒಂಕುಂದ ಬೆಳಗಾವಿಯ ಸೀಮೆಯ ಒಕ್ಕುಂದ. ಕೊಪಣವೇ ಕೊಪ್ಪಳ. ಮೈಸೂರಿನ ಹೆಸರಾಗಲಿ ಬೆಂಗಳೂರಿನ ಹೆಸರಾಗಲಿ ಅಲ್ಲಿಲ್ಲ. ತಿರುಳುಗನ್ನಡದ ಸೀಮೆಯಿಂದ ಬಂದ ಹುಡುಗನಿಗೆ ಕನ್ನಡ ಬಾರದೆಂದು ನಮ್ಮ ತರಗತಿ ನಗುತ್ತಿತ್ತು!

ಪತ್ರ ಬರೆದವರಿಗೆ, ಮಕ್ಕಳ ಜಾಗ ಬದಲಿಸುವುದಿಲ್ಲವೆಂದು ನಮ್ರವಾಗಿ ಉತ್ತರ ಕಳಿಸಿದೆ. ಆದರೆ ಹತ್ತು ವರ್ಷದ ಮಕ್ಕಳಿಗೆ ವಾಸುಕಿಯ ಕತೆಯಿಂದ ಏನಾದೀತು? ಅವರಿಗೆ ಬೇಕಾದದ್ದು ಆಟ. ಆದ್ದರಿಂದ ಪ್ರತಿ ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಹಲಗೆಯ ಮೇಲೆ ಒಂದೊಂದು ವಸ್ತುವಿನ ಚಿತ್ರ ಬರೆದು, ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತೀರೆಂದು ಕೇಳುವ ಪದ್ಧತಿ ಹಾಕಿಕೊಂಡೆ. ಮೊದಲನೆಯ ದಿನ ಬರೆದದ್ದು ಪೊರಕೆ. ಮೈಸೂರಿನವರಿಗೆ ಪೊರಕೆ, ಕರಾವಳಿಯವರಿಗೆ ಹಿಡಿಸೂಡಿ, ಬಡಗಣದವರಿಗೆ ಕಸಬರಿಗೆ, ತೆಲುಗಿನಲ್ಲಿ ಚೀಪುರು, ಉರ್ದುವಿನಲ್ಲಿ ಝಾಡು. ಮುಂದಿನ ವಾರ ಕಡಲೆಕಾಯಿ. ಅದೇ ಶೇಂಗಾ, ಅದೇ ನೆಲಗಡಲೆ, ಅದೇ ಪಲ್ಲೀಲು. ಅದರ ಮುಂದಿನ ವಾರ ಕಡಲೆಪುರಿ. ಅದೇ ಮಂಡಕ್ಕಿ, ಅದೇ ಚುರುಮುರಿ. ಹೆಸರು ಹೆಚ್ಚು ತಂದವನಿಗೆ ಅಂದು ಚಪ್ಪಾಳೆ. ಮಕ್ಕಳು ಮನೆಗೆ ಹೋಗಿ ಅಜ್ಜಿಯರನ್ನು ಪೀಡಿಸತೊಡಗಿದರು. ಕೊಪ್ಪಳದ ಹುಡುಗ ಮೂರು ವಾರ ಬಾಯಿ ತೆರೆಯಲಿಲ್ಲ.

ನಾಲ್ಕನೆಯ ವಾರ ಪಾಠದಲ್ಲಿಯೇ ‘ಕೂರಿಗೆ’ ಎಂಬ ಮಾತು ಬಂತು. ಬ್ಯಾಂಕಿನವರ ಮಗಳಿಗೂ ತಿಳಿಯದು, ಹೋಟೆಲಿನವರ ಮಗನಿಗೂ ತಿಳಿಯದು. ಕೂರಲು ಹಾಕುವ ಮಣೆಯೆಂದು ಒಬ್ಬನು ಊಹಿಸಿದ. ಆಗ ಹಿಂದಿನ ಬೆಂಚಿನಿಂದ, ಕೇಳಿಸಿಯೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ಬಿತ್ತೂದ್ರೀ” ಎಂಬ ಮಾತು ಬಂತು. ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟೆ. ಮೇಲೆ ಬಟ್ಟಲು, ಅದರಿಂದ ಇಳಿಯುವ ಬಿದಿರಿನ ಕೊಳವೆಗಳು, ಕೆಳಗೆ ನೆಲ ಸೀಳುವ ತಾಳುಗಳು, ಮುಂದೆ ಜೋಡೆತ್ತು, ಹಿಂದೆ ಕಾಳು ಬಿಡುವ ಹೆಂಗಸು, ಎಲ್ಲವನ್ನೂ ಬರೆದ. “ಕಾಳು ಬಿಡೂ ಕೈ ನಡಗಬಾರ್ದ್ರೀ, ನಡಗಿದ್ರ ಒಂದ ಕಡೆ ದಟ್ಟ ಆಕ್ಕೈತಿ, ಒಂದ ಕಡೆ ಬರೇ ನೆಲ ಉಳೀತೈತಿ. ನಮ್ಮವ್ವ ಚಲೋ ಬಿಡ್ತಾಳ್ರೀ” ಎಂದ. ಯಾರೂ ನಗಲಿಲ್ಲ. ಬ್ಯಾಂಕಿನವರ ಮಗಳು ಆ ಚಿತ್ರವನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಇಲ್ಲಿಗೆ ಕತೆ ಸುಖಾಂತವೆಂದು ಮುಗಿಸಿದರೆ ಓದುವವರಿಗೂ ಸಂತೋಷ, ಬರೆಯುವವನಿಗೂ ಸಂತೋಷ. ಆದರೆ ವರ್ಷ ಮುಗಿಯುವ ಮೊದಲೇ ಅವನ ತಂದೆಯ ಕೆಲಸ ಆ ಬಡಾವಣೆಯಲ್ಲಿ ಮುಗಿಯಿತು. ಊರಾಚೆ ಇನ್ನೊಂದು ಕಡೆ ಕಟ್ಟಡ ಎದ್ದಿತು. ಗುಡಿಸಲೂ ಅಲ್ಲಿಗೆ ಹೋಯಿತು. ಅಲ್ಲಿಗೆ ಹತ್ತಿರದಲ್ಲಿ ಕನ್ನಡ ಶಾಲೆ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಬಿದ್ದು, ಕೊನೆಗೆ ಹೆಸರೇ ಹೊಡೆದುಹೋಯಿತು. ಅವನಿಗೆ ನಮ್ಮಲ್ಲಿ ದೊರೆತದ್ದು ಕೆಲವೇ ತಿಂಗಳು. ಅದರಲ್ಲಿ ಹೆಚ್ಚಿನ ಭಾಗವನ್ನು ಅವನು ಬಾಯಿ ಮುಚ್ಚಿಕೊಂಡು ಕಳೆದ.

ಹೊರನಾಡಿನ ಮಗುವಿಗೆ ಕನ್ನಡ ಸಿಗುವ ಕಾಲವೇ ಕಡಿಮೆ. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಪಾಠಕ್ಕೆ ಇಂಗ್ಲಿಷು. ಉಳಿದ ಒಂದೆರಡು ಗಂಟೆ ಕನ್ನಡ. ಆ ಒಂದೆರಡು ಗಂಟೆಯನ್ನೂ ನಿನ್ನ ಕನ್ನಡ ಸರಿಯಿಲ್ಲವೆಂದು ಹೇಳುವುದರಲ್ಲಿ ನಾವು ಕಳೆದರೆ ಮಗು ಸುಲಭವಾದ ದಾರಿ ಹಿಡಿಯುತ್ತದೆ. ತಪ್ಪು ಮಾಡಿದರೂ ಯಾರೂ ನಗದ ಭಾಷೆಗೆ ಹೋಗಿಬಿಡುತ್ತದೆ. ಇದು ಹೈದರಾಬಾದಿಗೆ ಮಾತ್ರ ಸೇರಿದ ಮಾತಲ್ಲ. ಅಮೆರಿಕ, ಬ್ರಿಟನ್, ಸಿಂಗಪುರ, ಕೊಲ್ಲಿ ರಾಜ್ಯಗಳಲ್ಲಿ ವಾರದ ಕೊನೆಗೆ ಕನ್ನಡ ತರಗತಿ ನಡೆಸುವ ನಮ್ಮ ಬಂಧುಗಳ ಮುಂದೆಯೂ ಇದೇ ನಾಲ್ಕು ಕನ್ನಡಗಳ ಮಕ್ಕಳು ಕುಳಿತಿರುತ್ತಾರೆ. ಬರವಣಿಗೆಗೆ ಒಂದು ಕ್ರಮ ಬೇಕು. ಪರೀಕ್ಷೆಯಲ್ಲಿ ಆಸ್ಪತ್ರೆ ಎಂದೇ ಬರೆಯಲಿ, ಬೇಡವೆನ್ನುವುದಿಲ್ಲ. ಅದನ್ನು ಕಲಿಸುವುದಕ್ಕೆಂದೇ ಮೇಷ್ಟರಿದ್ದಾರೆ. ಆದರೆ ಬರವಣಿಗೆಯ ಕ್ರಮವನ್ನು ಹಿಡಿದು ಮನೆಯ ಮಾತಿನ ಬೆನ್ನಿಗೆ ಬಾರಿಸಬಾರದು.

ಮಕ್ಕಳ ಪದ್ಯಗಳಿಂದ ಕನ್ನಡಿಗರ ಮನೆಮನೆಯನ್ನೂ ಮುಟ್ಟಿದ ಪಂಜೆ ಮಂಗೇಶರಾಯರು ಮಂಗಳೂರು ಸೀಮೆಯಲ್ಲಿ ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ದುಡಿದವರು. ೧೯೩೪ರಲ್ಲಿ ನಿಜಾಮರ ರಾಜ್ಯದ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಅವರೇ. ೧೯೩೭ರಲ್ಲಿ ಅವರು ಕಣ್ಣು ಮುಚ್ಚಿದ್ದು ಇದೇ ಹೈದರಾಬಾದಿನಲ್ಲಿ. ಕರಾವಳಿಯ ಮೇಷ್ಟರ ಪದ್ಯವನ್ನು ಬೀದರದ ಮಗುವೂ ಮೈಸೂರಿನ ಮಗುವೂ ತನ್ನದೆಂದು ಹಾಡಿತು. ಇದು ಯಾವ ಸೀಮೆಯ ಕನ್ನಡವೆಂದು ಯಾರೂ ಕೇಳಲಿಲ್ಲ.

ಆದ್ದರಿಂದ ನಮ್ಮ ಸಂಘದ ಬಂಧುಗಳಲ್ಲಿ ಒಂದು ವಿನಂತಿ. ಬರುವ ರಾಜ್ಯೋತ್ಸವದ ಮಕ್ಕಳ ಕಾರ್ಯಕ್ರಮದಲ್ಲಿ ಬಾಯಿಪಾಠದ ಭಾಷಣಗಳ ಜೊತೆಗೆ ಅರ್ಧ ಗಂಟೆಯನ್ನು ಮನೆಮಾತಿಗೆ ಬಿಡೋಣ. ಪ್ರತಿಯೊಂದು ಮಗುವೂ ತನ್ನ ಅಜ್ಜಿಯಿಂದ ಕೇಳಿದ ಕತೆಯನ್ನು ಅಜ್ಜಿಯ ಮಾತಿನಲ್ಲಿಯೇ ಹೇಳಲಿ. ತಿದ್ದುವುದು ಬೇಡ, ಬಹುಮಾನವೂ ಬೇಡ. ಇನ್ನೊಂದು ಕೆಲಸವೂ ಇದೆ. ನಮ್ಮ ನಮ್ಮ ಬೀದಿಗಳಲ್ಲಿ ಏಳುತ್ತಿರುವ ಕಟ್ಟಡಗಳ ಪಕ್ಕದಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದರೆ ನಿಂತು ವಿಚಾರಿಸಿ: ಯಾವೂರು, ಮಕ್ಕಳೆಷ್ಟು, ಶಾಲೆಗೆ ಹೋಗುತ್ತಾರೆಯೆ ಎಂದು. ಸಂಘದ ಸಮಾರಂಭಕ್ಕೆ ಕರೆಯೋಲೆ ಅವರಿಗೂ ಒಂದು ಹೋಗಲಿ. ಕುರ್ಚಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೊದಲ ಸಾಲಿನಲ್ಲಿಯೂ ಖಾಲಿ ಇರುವುದನ್ನು ನಾನೇ ನೋಡಿದ್ದೇನೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಕಾಣೋಣ. ಅಷ್ಟರಲ್ಲಿ ನಿಮ್ಮ ಮನೆಯಲ್ಲಿ ಪೊರಕೆಗೆ ಏನನ್ನುತ್ತೀರೆಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿದರೆ, ನನ್ನ ಪಟ್ಟಿಯಲ್ಲಿ ಇಲ್ಲದ ಹೆಸರನ್ನು ನಿಮ್ಮ ಊರಿನ ಹೆಸರಿನೊಡನೆ ಇದೇ ಪುಟದಲ್ಲಿ ಅಚ್ಚು ಹಾಕಿಸುತ್ತೇನೆ.